ದಫ್ತರದ ಕೋಣೆಗೆ ಕ್ಯಾಮೆರಾ ಬಿಡಬಹುದೇ?

ಹೋದ ಸಂಚಿಕೆಯ ಒಂದು ಉತ್ತರದಲ್ಲಿ, ಹಳೆ ದಾಖಲೆ ಕಾಯ್ದಿಡುವ ಪತ್ರಾಗಾರಗಳ ಓದುಕೋಣೆಯಲ್ಲಿ ಸಂಶೋಧಕರಿಗೆ ತಮ್ಮದೇ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಲು ಬಿಡಬೇಕು ಅಂತ ಒಂದು ಸಾಲು ಬರೆದಿದ್ದೆ. ಆ ಸಾಲಿಗೇ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆಯಿಂದ ಪತ್ರ ಬಂದಿವೆ. ಹೌದು ಅಂದವರೂ ಇದ್ದಾರೆ, ಸಿಟ್ಟಾದವರೂ ಇದ್ದಾರೆ. ಹೊಸ ಓದುಗರಿಗೆ ಹೇಳುವುದಾದರೆ, ನಾನು ವಿಜಯಪುರದ ಕಾಲೇಜೊಂದರಲ್ಲಿ ಇತಿಹಾಸ ಕಲಿಸಿದವಳು. ಅಲ್ಲಿಯ ಹಸ್ತಪ್ರತಿ ಮತ್ತು ಹಳೇ ದಫ್ತರದ ಕೋಣೆಯ ಕೀಲಿಯೂ ನಿವೃತ್ತಿಯವರೆಗೆ ನನ್ನ ಹತ್ತಿರವೇ ಇತ್ತು. ಓದಲು ಬರುವವರ ಕಷ್ಟ, ಕಾಯುವವರ ಭಯ ಎರಡನ್ನೂ ಕಂಡಿದ್ದೇನೆ. ಈ ಸಲದ ಅಂಕಣ ಪೂರ್ತಿ ಇದಕ್ಕೇ.

ಪ್ರಶ್ನೆ: ಮೇಡಂ, ಜಮಖಂಡಿ ಮತ್ತು ಮುಧೋಳ ಸಂಸ್ಥಾನಗಳ ರೈತರ ಬಗ್ಗೆ ಪಿಎಚ್‌.ಡಿ. ಮಾಡುತ್ತಿದ್ದೇನೆ. ಬೇಕಾದ ಕಡತಗಳು ಹೊರರಾಜ್ಯದಲ್ಲಿವೆ. ಅಲ್ಲಿಯ ಒಂದು ಓದುಕೋಣೆಯಲ್ಲಿ ಮೊಬೈಲ್ ಹೊರಗೇ ಇಟ್ಟು ಬರಬೇಕು. ಝೆರಾಕ್ಸಿಗೆ ಅರ್ಜಿ ಕೊಟ್ಟರೆ ಯಾವಾಗ ಸಿಗುತ್ತದೋ ಹೇಳುವವರಿಲ್ಲ. ಲಾಡ್ಜಿನ ಬಾಡಿಗೆ ಕಟ್ಟಿ ಕಟ್ಟಿ ಸಾಕಾಗಿದೆ. ಕಡತಗಳು ಮೋಡಿಯಲ್ಲಿ, ಅಂದರೆ ಮರಾಠಿ ಬರೆಯುತ್ತಿದ್ದ ಹಳೆ ಕೂಡುಬರಹದ ಲಿಪಿಯಲ್ಲಿವೆ, ನನಗೆ ಮೋಡಿ ಇನ್ನೂ ಸರಾಗ ಬರುವುದಿಲ್ಲ. ಫೋಟೊಗೆ ಅನುಮತಿ ಕೇಳುವುದು ತಪ್ಪಾ?
— ಸಂಶೋಧನಾ ವಿದ್ಯಾರ್ಥಿನಿ, ವಿಜಯಪುರ

ಉತ್ತರ: ತಪ್ಪೇನೂ ಇಲ್ಲ ತಂಗಿ. ಕೇಳಲೇಬೇಕು. ಈ ಕಷ್ಟ ಮೈಸೂರು, ಬೆಂಗಳೂರಿನವರಿಗಿಂತ ನಮಗೆ ಜಾಸ್ತಿ. 1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆಗಳು ಮುಂಬೈ ಆಡಳಿತದಲ್ಲಿದ್ದವು. ಇಲ್ಲಿಯ ಕಲೆಕ್ಟರ್ ಬರೆದ ಪತ್ರ ಮುಂಬೈಗೆ ಹೋಗುತ್ತಿತ್ತು, ಹುಕುಂ ಅಲ್ಲಿಂದ ಬರುತ್ತಿತ್ತು. ಆ ಪತ್ರಗಳು ಮುಂಬೈಯಲ್ಲೇ, ಮಹಾರಾಷ್ಟ್ರದ ಪತ್ರಾಗಾರದಲ್ಲೇ ಉಳಿದವು. ಪೇಶ್ವೆ ದಫ್ತರ, ಅಂದರೆ ಪೇಶ್ವೆಗಳ ಆಡಳಿತದ ಕಾಗದಪತ್ರ, ಪುಣೆಯಲ್ಲಿದೆ. ಇನಾಮು, ವತನಗಳ ಹಳೆ ಲೆಕ್ಕ ಹುಡುಕುವವರು ಅಲ್ಲಿಯ ರುಮಾಲುಗಳನ್ನೇ (ಬಟ್ಟೆ ಸುತ್ತಿದ ಕಾಗದದ ಕಟ್ಟುಗಳನ್ನೇ) ಬಿಚ್ಚಬೇಕು. ಇನ್ನೊಂದಿಷ್ಟು ಕೊಲ್ಹಾಪುರದಲ್ಲಿವೆ. ಇನ್ನು ನಮ್ಮ ಆದಿಲ್‌ಶಾಹಿ ಕಾಲದ ಪುಸ್ತಕಗಳ ಕತೆ ನಿಮಗೆ ಗೊತ್ತೇ ಇದೆ. ವಿಜಯಪುರದ ಆಸಾರ್ ಮಹಲಿನಲ್ಲಿ ಉಳಿದಿದ್ದ ಅರಬ್ಬಿ, ಫಾರಸಿ ಹಸ್ತಪ್ರತಿಗಳನ್ನು 1853ರಲ್ಲಿ ಲಂಡನ್ನಿಗೆ ಸಾಗಿಸಿದರು. ಇವತ್ತು ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ನಮ್ಮೂರಿನ ಹುಡುಗಿ ನಮ್ಮೂರಿನ ಕಾಗದ ಓದಬೇಕಾದರೆ ಊರು ಬಿಟ್ಟು ಹೋಗಬೇಕು. ಆ ಊರಿನವರಿಗೆ ಓದುಕೋಣೆ ಸಂಜೆ ಮುಚ್ಚಿದರೆ ನಾಳೆ ಬಂದರಾಯಿತು. ಸೊಲ್ಲಾಪುರದ ಮೇಲೆ ರಾತ್ರಿ ರೈಲು ಹಿಡಿದು ಹೋದವಳಿಗೆ ಪ್ರತಿ ಗಂಟೆಗೂ ರೊಕ್ಕ ಬೀಳುತ್ತದೆ. ಫೋಟೊಗೆ ಬಿಡಿ ಅಂತ ನಾನು ಒತ್ತಿ ಹೇಳುವುದು ಮುಖ್ಯವಾಗಿ ಇದೇ ಕಾರಣಕ್ಕೆ. ಹತ್ತಿರದವರಿಗೆ ಅದು ಅನುಕೂಲ. ದೂರದವರಿಗೆ ಅದಿಲ್ಲದಿದ್ದರೆ ಸಂಶೋಧನೆಯೇ ಆಗುವುದಿಲ್ಲ.

ನಾನು ಕಲಿಯುವಾಗ ಪೆನ್ಸಿಲಿನಲ್ಲಿ ನಕಲು ಮಾಡಿಕೊಳ್ಳುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಶಾಯಿ ಚೆಲ್ಲೀತು ಅಂತ ಪೆನ್ನು ಒಳಗೆ ಬಿಡುತ್ತಿರಲಿಲ್ಲ. ಆ ನಿಯಮ ಈಗಲೂ ಬಹಳ ಕಡೆ ಇದೆ, ಇರಬೇಕಾದ್ದೇ. ಹಲಗಲಿಯ ಬೇಡರ ದಂಗೆಗೆ ಸಂಬಂಧಪಟ್ಟ ಇಂಗ್ಲಿಷ್ ಪತ್ರಗಳನ್ನು ಹಾಗೇ ನಕಲು ಮಾಡಿದ್ದೇನೆ. 1857ರಲ್ಲಿ ಹತಾರ ಒಪ್ಪಿಸಿ ಅಂತ ಕಂಪನಿ ಸರ್ಕಾರ ಕಾಯ್ದೆ ತಂದಾಗ ಮುಧೋಳ ಸಂಸ್ಥಾನದ ಹಲಗಲಿಯವರು ಒಪ್ಪಲಿಲ್ಲ. ಊರಿಗೆ ಬೆಂಕಿ ಬಿತ್ತು, ಜನರನ್ನು ಗಲ್ಲಿಗೇರಿಸಿದರು. ಆ ದಂಗೆಯ ಬಗ್ಗೆ ಜನ ಹಾಡುತ್ತಿದ್ದ ಲಾವಣಿಯನ್ನು ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಸಂಗ್ರಹಿಸಿ ಅಚ್ಚು ಹಾಕಿಸಿದ್ದರಿಂದ ನಮಗೆ ಅದು ಬರಹದಲ್ಲೂ ಉಳಿಯಿತು. ಆದರೆ ಅಧಿಕಾರಿಗಳು ಒಬ್ಬರಿಗೊಬ್ಬರು ಏನು ಬರೆದುಕೊಂಡರು ಎಂಬುದು ಲಾವಣಿಯಲ್ಲಿ ಸಿಗುವುದಿಲ್ಲ. ಅದು ಸಿಗುವುದು ಈ ಕಡತಗಳಲ್ಲೇ. ಪತ್ರದ ಪಕ್ಕದ ಅಂಚಿನಲ್ಲಿ ಇನ್ನೊಬ್ಬ ಅಧಿಕಾರಿ ಗೀಚಿದ ಟಿಪ್ಪಣಿ, ಹೊಡೆದುಹಾಕಿ ತಿದ್ದಿದ ಒಂದು ಪದ, ಇವೆಲ್ಲ ಆಗ ಎಷ್ಟೋ ಸಲ ಕೈನಕಲಿಗೆ ಬರಲೇ ಇಲ್ಲ. ಫೋಟೊದಲ್ಲಿ ಅವೆಲ್ಲ ಬರುತ್ತವೆ.

ಮೋಡಿಯದ್ದು ಇನ್ನೂ ದೊಡ್ಡ ಮಾತು. ಓದಲು ಬಾರದ ಲಿಪಿಯನ್ನು ನಕಲು ಮಾಡುವುದು ಹೇಗೆ? ಮೋಡಿ ಬಲ್ಲವರು ಊರಿಗೆ ಒಬ್ಬರೋ ಇಬ್ಬರೋ ಉಳಿದಿದ್ದಾರೆ, ಬಹಳ ಮಂದಿಗೆ ವಯಸ್ಸಾಗಿದೆ. ಅವರನ್ನು ಓದುಕೋಣೆಗೆ ಕರೆದೊಯ್ಯಲು ಆಗುವುದಿಲ್ಲ. ಫೋಟೊ ಇದ್ದರೆ ಅವರ ಮನೆಯ ಪಡಸಾಲೆಯಲ್ಲಿ ಕುಳಿತು ದೊಡ್ಡದು ಮಾಡಿ ತೋರಿಸಿ ಕಲಿಯಬಹುದು. ಇದನ್ನು ನಿಮ್ಮ ಅರ್ಜಿಯಲ್ಲಿ ಬರೆಯಿರಿ. ಬಲವಾದ ಕಾರಣ ಇದು.

ಅರ್ಜಿಯ ವಿಷಯ. ಹೋಗುವ ಮೊದಲೇ ಬರಹದಲ್ಲಿ ಕೇಳಿ, ಗೈಡ್ ಪತ್ರ ಜೊತೆಗಿರಲಿ. ಸುಮ್ನೆ ‘ಫೋಟೊ ಬೇಕು’ ಅನ್ನಬೇಡಿ. ಯಾವ ಇಲಾಖೆ, ಯಾವ ವರ್ಷ, ಯಾವ ಸಂಪುಟ ಅಂತ ಪಟ್ಟಿ ಕೊಡಿ. ಇಲ್ಲಿ ಒಂದು ಸೂಕ್ಷ್ಮ ನೆನಪಿಡಿ: 1885ರವರೆಗೆ ನಮ್ಮ ಬಿಜಾಪುರ ಜಿಲ್ಲೆಯ ಮುಖ್ಯ ಠಾಣೆ ಕಲಾದಗಿ. ಅದಕ್ಕೂ ಹಿಂದಿನ ಕಡತಗಳನ್ನು ಬಿಜಾಪುರ ಅಂತ ಹುಡುಕಿದರೆ ಸಿಗದೇ ಹೋಗಬಹುದು, ಕಲಾದಗಿ ಅಂತ ಹುಡುಕಿ. ಫ್ಲ್ಯಾಶ್ ಹಾಕುವುದಿಲ್ಲ, ಅಚ್ಚು ಹಾಕಿಸುವ ಮುಂಚೆ ಕೇಳುತ್ತೇನೆ, ಬೇಕಾದರೆ ಚಿತ್ರಗಳ ಒಂದು ಪ್ರತಿ ನಿಮಗೂ ಕೊಡುತ್ತೇನೆ ಅಂತ ನೀವಾಗಿಯೇ ಬರೆದುಕೊಡಿ. ಬಾಗಿಲಲ್ಲಿ ಕುಳಿತವರು ‘ಇಲ್ಲ’ ಅಂದರೆ ಅಲ್ಲಿಗೇ ಬಿಡಬೇಡಿ. ನಿಯಮ ಏನಿದೆ, ಯಾರು ಅನುಮತಿ ಕೊಡಬೇಕು ಅಂತ ವಿನಯವಾಗಿ ಕೇಳಿ ಮೇಲಿನವರನ್ನು ನೋಡಿ. ಎಷ್ಟೋ ಕಡೆ ನಿಯಮದಲ್ಲಿ ಅವಕಾಶ ಇರುತ್ತದೆ, ರೂಢಿಯಲ್ಲಿ ಇರುವುದಿಲ್ಲ.

ಹೊರಗಿನ ಉದಾಹರಣೆ ಕೇಳಿದರೆ ಕೊಡಿ. ಲಂಡನ್ನಿನ ಕ್ಯೂ ಎಂಬ ಬಡಾವಣೆಯಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಓದುಗರು ತಮ್ಮ ಕ್ಯಾಮೆರಾದಲ್ಲಿ ಬಿಟ್ಟಿಯಾಗಿ ಫೋಟೊ ತೆಗೆಯಬಹುದು. ಬ್ರಿಟಿಷ್ ಲೈಬ್ರರಿ 2015ರಿಂದ ತನ್ನ ಓದುಕೋಣೆಗಳಲ್ಲಿ ಇದಕ್ಕೆ ಬಿಟ್ಟಿದೆ. ಬಹಳ ಸೂಕ್ಷ್ಮವಾದವು, ನಿರ್ಬಂಧ ಇರುವವು ಮಾತ್ರ ಹೊರತು. ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದ ‘ಅಭಿಲೇಖ ಪಟಲ’ ಎಂಬ ಜಾಲತಾಣವನ್ನು ಮೊದಲು ಹುಡುಕಿ ನೋಡಿ. ಸಂಸ್ಥಾನಗಳ ಪತ್ರವ್ಯವಹಾರ ಅಲ್ಲಿ ಮನೆಯಲ್ಲೇ ಕುಳಿತು ಸಿಗುವಷ್ಟು ಸಿಗುತ್ತದೆ. ಸಿಕ್ಕಿದ್ದನ್ನು ಮತ್ತೆ ಹೋಗಿ ತೆಗೆಸುವ ಶ್ರಮ ಬೇಡ ಅಲ್ವಾ.

ಪ್ರಶ್ನೆ: ಅಜ್ಜನ ಕಾಲದ ವಾಟ್ನಿ (ಆಸ್ತಿ ಪಾಲು) ತಕರಾರು ಕೋರ್ಟಿಗೆ ಹೋಗುವ ಹಂತದಲ್ಲಿದೆ. ಹಳೆ ಕೈಬರಹದ ಉತಾರ (ಜಮೀನಿನ ದಾಖಲೆ) ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿದೆ. ನೋಡಲು ಕೊಟ್ಟರು, ಮೊಬೈಲ್ ತೆಗೆದರೆ ಬೈದರು. ಇದು ಸರಿಯೇ?
— ರೈತ, ಬೈಲಹೊಂಗಲ

ಉತ್ತರ: ನಿಮ್ಮ ಕೆಲಸಕ್ಕೆ ಫೋಟೊ ಸಾಲದು. ಕೋರ್ಟಿನಲ್ಲಿ ನಡೆಯುವುದು ಕಚೇರಿಯ ಸಹಿ, ಮೊಹರು ಇರುವ ದೃಢೀಕೃತ ನಕಲು. ನೋಡುವ ಹಕ್ಕಿರುವ ಸರ್ಕಾರಿ ದಾಖಲೆಗೆ ಶುಲ್ಕ ಕಟ್ಟಿ ದೃಢೀಕೃತ ನಕಲು ಪಡೆಯುವ ಹಕ್ಕು ಹಳೆಯ ಸಾಕ್ಷ್ಯ ಕಾಯ್ದೆಯಲ್ಲೂ ಇತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇದೆ. ಅದಕ್ಕೇ ಅರ್ಜಿ ಹಾಕಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ದಾಖಲೆ ಪರಿಶೀಲಿಸುವುದು, ಟಿಪ್ಪಣಿ ಮಾಡಿಕೊಳ್ಳುವುದು, ದೃಢೀಕೃತ ನಕಲು ಪಡೆಯುವುದು ಮೂರನ್ನೂ ಅದು ಹೆಸರಿಸಿಯೇ ಹೇಳುತ್ತದೆ. ಮೊಬೈಲಿನ ಫೋಟೊ ಅಂತ ಬಿಡಿಸಿ ಹೇಳಿಲ್ಲ. ಆದ್ದರಿಂದ ಪರಿಶೀಲನೆಯ ಅರ್ಜಿಯಲ್ಲೇ ಫೋಟೊಗೂ ಅನುಮತಿ ಕೋರಿ ಒಂದು ಸಾಲು ಬರೆಯಿರಿ. ಫೋಟೊ ನಿಮಗೆ ಒಂದಕ್ಕೆ ಉಪಯೋಗ: ಯಾವ ಪುಟದ ನಕಲು ಕೇಳಬೇಕು ಅಂತ ವಕೀಲರಿಗೆ ತೋರಿಸಲು. ಬೈಯುವುದು ಸರಿಯಲ್ಲ ಬಿಡಿ. ಅದು ನಿಮ್ಮ ಅಜ್ಜನ ಹೆಸರಿರುವ ಕಾಗದ.

ಪ್ರಶ್ನೆ: ನಮ್ಮ ಮಠದ ಭಂಡಾರದಲ್ಲಿ ತಾಡೋಲೆ ಕಟ್ಟುಗಳು, ಕಡತಗಳು, ಸಂಸ್ಥಾನದ ಕಾಲದ ಸನದುಗಳು (ಹಕ್ಕುಪತ್ರಗಳು) ಇವೆ. ಸಂಶೋಧಕರು ಬಂದು ಫೋಟೊ ತೆಗೆಯಲು ಕೇಳುತ್ತಾರೆ. ನಮ್ಮ ಕಮಿಟಿಯ ಹಿರಿಯರು, ಫೋಟೊ ಕೊಟ್ಟರೆ ನಮ್ಮ ಹತ್ತಿರ ಏನು ಉಳಿಯಿತು, ಯಾರು ಬರುತ್ತಾರೆ, ಅವರೇ ಅಚ್ಚು ಹಾಕಿಸಿ ಹೆಸರು ಮಾಡುತ್ತಾರೆ ಅನ್ನುತ್ತಾರೆ. ಬೆಳಕಿಗೆ ಕಾಗದ ಹಾಳಾಗುತ್ತದೆ ಅಂತಲೂ ಭಯ. ಹಿಂದೆ ಒಬ್ಬರು ಓದಲು ಒಯ್ದ ಕಟ್ಟು ವಾಪಸು ಬರಲೇ ಇಲ್ಲ. ಏನು ಮಾಡೋಣ?
— ಗ್ರಂಥಭಂಡಾರ ನೋಡಿಕೊಳ್ಳುವವರು, ಬಾಗಲಕೋಟೆ ಜಿಲ್ಲೆ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೊನೆಯ ಸಾಲಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ಉಳಿದ ಭಯಗಳ ಬೇರು ಅಲ್ಲಿದೆ. ಕಟ್ಟು ಹೊರಗೆ ಹೋಗಿದ್ದು ಫೋಟೊ ತೆಗೆಯುವ ಅವಕಾಶ ಇಲ್ಲದಿದ್ದ ಕಾಲದಲ್ಲಿ. ಓದುವವರಿಗೆ ಬೇರೆ ದಾರಿ ಇರಲಿಲ್ಲ, ಕೊಡುವವರಿಗೂ ಇರಲಿಲ್ಲ, ನಂಬಿಕೆಯ ಮೇಲೆ ಕೊಟ್ಟರು. ಇವತ್ತು ನಿಮ್ಮ ಕಣ್ಣೆದುರೇ ಮೇಜಿನ ಮೇಲೆ ಫೋಟೊ ತೆಗೆಯಲು ಬಿಟ್ಟರೆ ಕಟ್ಟು ಹೊಸ್ತಿಲು ದಾಟುವ ಕಾರಣವೇ ಇರುವುದಿಲ್ಲ. ‘ಒಯ್ಯಲು ಕೊಡುವುದಿಲ್ಲ, ಫೋಟೊ ತೆಗೆದುಕೊಳ್ಳಿ’ ಎಂಬ ಮಾತನ್ನು ಯಾರಿಗೆ ಬೇಕಾದರೂ ಮುಜುಗರವಿಲ್ಲದೆ ಹೇಳಬಹುದು.

ಬೆಳಕಿನ ಭಯ. ಬೆಳಕು ಶಾಯಿ ಮತ್ತು ಕಾಗದವನ್ನು ಹಾಳು ಮಾಡುತ್ತದೆ, ಆ ಹಾನಿ ಕೂಡುತ್ತ ಹೋಗುತ್ತದೆ ಎಂಬುದು ನಿಜ. ಅದಕ್ಕೇ ವಸ್ತುಸಂಗ್ರಹಾಲಯಗಳಲ್ಲಿ ಹಳೆ ಕಾಗದವನ್ನು ಪ್ರದರ್ಶನಕ್ಕೆ ಇಡುವಾಗ ಸಾಮಾನ್ಯವಾಗಿ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳದಂತೆ ನೋಡಿಕೊಳ್ಳುತ್ತಾರೆ. ಆದರೆ ಅದು ತಿಂಗಳುಗಟ್ಟಲೆ ಗಾಜಿನ ಪೆಟ್ಟಿಗೆಯಲ್ಲಿ ತೆರೆದಿಟ್ಟ ಹಾಳೆಯ ಲೆಕ್ಕ. ಕೋಣೆಯ ಬೆಳಕಿನಲ್ಲೇ ಒಂದು ಪುಟಕ್ಕೆ ಕೆಲವೇ ಸೆಕೆಂಡು ಮೊಬೈಲ್ ಹಿಡಿದರೆ, ಅದೇ ಪುಟವನ್ನು ಅರ್ಧ ತಾಸು ಬಿಚ್ಚಿಟ್ಟು ಕೈಯಿಂದ ನಕಲು ಮಾಡುವುದಕ್ಕಿಂತ ಕಡಿಮೆ ಬೆಳಕು ತಗಲುತ್ತದೆ. ಝೆರಾಕ್ಸ್ ಜೊತೆ ಹೋಲಿಸಿ ನೋಡಿ. ಅಲ್ಲಿ ಹೊಲಿದ ಪುಸ್ತಕವನ್ನು ಬೋರಲು ಹಾಕಿ, ಬೆನ್ನು ಒತ್ತಬೇಕು. ಹಳೆ ಬೈಂಡು ಬಿರುಕು ಬಿಡುವುದು ಅಲ್ಲೇ. 19ನೇ ಶತಮಾನದ ಉತ್ತರಾರ್ಧದಿಂದ ಬಂದ ಮರದ ತಿರುಳಿನ ಕಾಗದದಲ್ಲಿ ಆಮ್ಲ ಇರುತ್ತದೆ. ಹಪ್ಪಳದ ಹಾಗೆ ಮುರಿಯುತ್ತದೆ. ಅದನ್ನು ಝೆರಾಕ್ಸ್ ಯಂತ್ರದ ಗಾಜಿನ ಮೇಲೆ ಒತ್ತುವುದನ್ನು ನೀವು ಇವತ್ತೇ ನಿಲ್ಲಿಸಬೇಕು. ಕ್ಯಾಮೆರಾ ಕಾಗದವನ್ನು ಮುಟ್ಟುವುದೇ ಇಲ್ಲ. ಒಬ್ಬರು ಚೆನ್ನಾಗಿ ತೆಗೆದ ಪ್ರತಿ ನಿಮ್ಮ ಕಂಪ್ಯೂಟರಿನಲ್ಲಿ ಇದ್ದರೆ ಮುಂದೆ ಬರುವವರಿಗೆ ಮೊದಲು ಅದನ್ನೇ ತೋರಿಸಬಹುದು, ಮೂಲ ಕಟ್ಟು ಬಿಚ್ಚುವ ಪ್ರಸಂಗ ಅಷ್ಟು ಕಡಿಮೆ.

ಇನ್ನು, ನಮ್ಮ ಹತ್ತಿರ ಏನು ಉಳಿಯಿತು ಎಂಬ ಮಾತು. ಹಿರಿಯರಿಗೆ ಹಳಕಟ್ಟಿಯವರ ನೆನಪು ಮಾಡಿಕೊಡಿ. ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲರಾಗಿದ್ದುಕೊಂಡು ತಾಡೋಲೆ ಹುಡುಕುತ್ತ ಮನೆ ಮನೆ, ಮಠ ಮಠ ಅಲೆದರು. ಓಲೆಗಳನ್ನು ಓದಿ, ಕೂಡಿಸಿ, ವಚನಗಳನ್ನು 1923ರಲ್ಲಿ ಬೆಳಗಾವಿಯಲ್ಲಿ ಅಚ್ಚು ಹಾಕಿಸಿದರು. ಆಮೇಲೆ ಇದ್ದ ಮನೆಯನ್ನೂ ಮಾರಿ ಸ್ವಂತ ಮುದ್ರಣಾಲಯ ಹಾಕಿದರು. ಅವರಿಗೆ ಓಲೆ ತೋರಿಸಿದ ಮನೆಗಳು, ಮಠಗಳು ಏನನ್ನು ಕಳೆದುಕೊಂಡವು? ಬಾಗಿಲು ತೆರೆಯದಿದ್ದ ಎಷ್ಟೋ ಮನೆಗಳ ಓಲೆಗಳು ಗೆದ್ದಲು ತಿಂದು, ಹೊಳೆ ಪಾಲಾಗಿ ಹೋದವು. ಅವುಗಳಲ್ಲಿ ಏನಿತ್ತು ಅಂತ ಇವತ್ತು ಹೇಳುವವರೇ ಇಲ್ಲ. ಈ ಮಾತು ಬರೆಯುವಾಗ ನನಗೆ ಸಂಕಟವಾಗುತ್ತದೆ.

ಪ್ರತಿ ಬೇರೆ ಕಡೆ ಇದ್ದರೆ ಅದು ನಿಮ್ಮ ಭಂಡಾರಕ್ಕೇ ರಕ್ಷಣೆ. 2009ರ ಮಾರ್ಚ್ 3ರಂದು ಜರ್ಮನಿಯ ಕಲೋನ್ ಪಟ್ಟಣದ ಪತ್ರಾಗಾರದ ಕಟ್ಟಡ ನೆಲಕ್ಕೆ ಕುಸಿಯಿತು. ಹತ್ತಿರದಲ್ಲೇ ಸುರಂಗ ರೈಲಿನ ಕೆಲಸ ನಡೆದಿತ್ತು. ಇಬ್ಬರು ಸತ್ತರು, ನೂರಾರು ವರ್ಷಗಳ ಕಾಗದ ಮಣ್ಣು ನೀರಿನಲ್ಲಿ ಕಲಸಿಹೋಯಿತು. ಆಮೇಲೆ ಅವರು ಮಾಡಿದ ಕೆಲಸಗಳಲ್ಲಿ ಒಂದು, ಹಿಂದೆ ಬಂದುಹೋದ ಸಂಶೋಧಕರ ಹತ್ತಿರ ಇದ್ದ ನಕಲು, ಫೋಟೊಗಳನ್ನು ಕೇಳಿ ಒಟ್ಟು ಮಾಡಿದ್ದು. ಓದುಗರ ಮನೆಯಲ್ಲಿದ್ದ ಪ್ರತಿಗಳು ಪತ್ರಾಗಾರಕ್ಕೆ ವಾಪಸು ಬಂದವು. ನಮ್ಮಲ್ಲಿ ಸುರಂಗ ಬೇಕಿಲ್ಲ, ಸೋರುವ ಮಾಳಿಗೆ ಸಾಕು.

ಫೋಟೊ ಕೊಟ್ಟರೆ ಯಾರೂ ಬರುವುದಿಲ್ಲ ಎಂಬುದು ನನ್ನ ಕೋಣೆಯಲ್ಲಿ ನಿಜವಾಗಲಿಲ್ಲ. ಒಬ್ಬ ಹುಡುಗ ಫೋಟೊ ತೆಗೆದು ಲೇಖನ ಬರೆದರೆ, ಅದರ ಅಡಿಯಲ್ಲಿ ನಮ್ಮ ಸಂಗ್ರಹದ ಹೆಸರು ನೋಡಿ ಇನ್ನಿಬ್ಬರು ಬಂದರು. ನಮ್ಮಲ್ಲಿ ಏನಿದೆ ಅಂತ ಜನಕ್ಕೆ ಗೊತ್ತಾಗುವುದೇ ಹಾಗೆ.

ಹಾಗಂತ ಕಣ್ಣು ಮುಚ್ಚಿ ಬಿಡಿ ಅನ್ನುವುದಿಲ್ಲ. ಒಂದು ಪುಟದ ಒಪ್ಪಿಗೆ ಪತ್ರ ಮಾಡಿ. ಹೆಸರು, ಊರು, ಯಾವ ಕಟ್ಟು, ಯಾವ ಗರಿಯಿಂದ ಯಾವ ಗರಿವರೆಗೆ, ಯಾವುದಕ್ಕೆ ಬೇಕು. ಸ್ವಂತ ಅಧ್ಯಯನಕ್ಕೆ ಮಾತ್ರ, ಚಿತ್ರ ಅಚ್ಚು ಹಾಕಿಸಲು ಬೇರೆ ಅನುಮತಿ, ಬರೆದಲ್ಲೆಲ್ಲ ಭಂಡಾರದ ಹೆಸರು ಮತ್ತು ಕಟ್ಟಿನ ನಂಬರು ಕೊಡಬೇಕು, ತೆಗೆದ ಚಿತ್ರಗಳ ಒಂದು ಪ್ರತಿ ನಮಗೆ. ಇಷ್ಟು ಬರೆದು ಸಹಿ ಹಾಕಿಸಿ. ಹೆಸರು ಮಾಡಿಕೊಳ್ಳುವವರ ಬಗ್ಗೆ ಹಿರಿಯರಿಗಿರುವ ಸಿಟ್ಟಿಗೆ ಉತ್ತರ ಇದರಲ್ಲಿದೆ. ಹೆಸರು ಇಬ್ಬರದ್ದೂ ಆಗಲಿ. ಕಟ್ಟುಗಳಿಗೆ ನಂಬರೇ ಇಲ್ಲದಿದ್ದರೆ ಮೊದಲು ಆ ಕೆಲಸ. ನಂಬರಿಲ್ಲದ ಕಟ್ಟು ಕಾಣೆಯಾದರೆ ಕಾಣೆಯಾಗಿದೆ ಅಂತ ಗೊತ್ತಾಗುವುದೂ ಇಲ್ಲ.

ಶುಲ್ಕ ಇಡಲೇಬೇಕು ಅಂದರೆ ದಿನಕ್ಕೆ ಇಷ್ಟು ಅಂತ ಸಣ್ಣ ಮೊತ್ತ ಇಡಿ. ಪುಟಕ್ಕಿಷ್ಟು ಅಂತ ಇಟ್ಟರೆ ಬಡ ವಿದ್ಯಾರ್ಥಿ ಬೇಕಾದ ಪುಟ ಬಿಟ್ಟು ಹೋಗುತ್ತಾನೆ, ಅರ್ಧ ಓದಿ ಪೂರ್ತಿ ಬರೆಯುತ್ತಾನೆ. ಕೆಲವನ್ನು ತಡೆಯಬೇಕು, ಅದನ್ನೂ ಹೇಳುತ್ತೇನೆ. ಮುಟ್ಟಿದರೆ ಪುಡಿಯಾಗುವ ಕಟ್ಟನ್ನು ತಜ್ಞರು ನೋಡುವವರೆಗೆ ಯಾರಿಗೂ ಬಿಚ್ಚಬೇಡಿ. ಬದುಕಿರುವವರ ಮನೆಯ ಖಾಸಗಿ ಪತ್ರ, ಕೊಟ್ಟವರು ಷರತ್ತು ಹಾಕಿ ಕೊಟ್ಟ ಕಾಗದ ಬಿಡಬೇಡಿ. ಯಾಕೆ ಬಿಡುವುದಿಲ್ಲ ಅಂತ ಕಾರಣ ಹೇಳಿ. ಕಾರಣ ಹೇಳಿದರೆ ಯಾರೂ ಜಗಳಕ್ಕೆ ಬರುವುದಿಲ್ಲ.

ಪ್ರಶ್ನೆ: ನಾವು ಕೈಯಿಂದ ಬರೆದುಕೊಂಡು ಓದಿದವರು. ಬರೆದದ್ದು ತಲೆಯಲ್ಲಿ ಉಳಿಯುತ್ತಿತ್ತು. ಈಗಿನ ಹುಡುಗರು ಸಾವಿರ ಫೋಟೊ ಹೊಡೆದುಕೊಂಡು ಹೋಗುತ್ತಾರೆ, ಒಂದನ್ನೂ ಓದುವುದಿಲ್ಲ. ನೀವು ಇದಕ್ಕೆ ಕುಮ್ಮಕ್ಕು ಕೊಡುತ್ತಿದ್ದೀರಿ.
— ನಿವೃತ್ತ ಪ್ರಾಧ್ಯಾಪಕರು, ಬೆಳಗಾವಿ

ಉತ್ತರ: ಸರ್, ನಿಮ್ಮ ಮೊದಲ ಮಾತನ್ನು ಪೂರ್ತಿ ಒಪ್ಪುತ್ತೇನೆ. ಕಿತ್ತೂರಿನ ಬಗ್ಗೆ ಕೈಯಿಂದ ಬರೆದುಕೊಂಡ ಪತ್ರಗಳ ವಾಕ್ಯಗಳು ನನಗೆ ಈಗಲೂ ಬಾಯಿಗೆ ಬರುತ್ತವೆ. ಆದರೆ ಬರೆದುಕೊಳ್ಳುವ ಪುಣ್ಯ ಯಾರಿಗೆ ಸಿಗುತ್ತಿತ್ತು ಹೇಳಿ. ತಿಂಗಳುಗಟ್ಟಲೆ ಮುಂಬೈ, ಪುಣೆಯಲ್ಲಿ ಇರಲು ಆದವರಿಗೆ. ರಜೆ ಸಿಕ್ಕವರಿಗೆ. ಮನೆಯಲ್ಲಿ ಸಣ್ಣ ಮಗು, ಹಾಸಿಗೆ ಹಿಡಿದ ಅತ್ತೆ ಇದ್ದ ಹೆಣ್ಣುಮಕ್ಕಳಿಗೆ ಸಿಗುತ್ತಿರಲಿಲ್ಲ. ನನ್ನ ಜೊತೆ ಓದಿದ, ನನಗಿಂತ ಚುರುಕಾದ ಗೆಳತಿಯರು ಹಾಗೇ ಸಂಶೋಧನೆ ಬಿಟ್ಟರು.

ಇನ್ನೊಂದು ಮಾತು, ಇದು ನಮ್ಮ ವಿದ್ಯೆಗೇ ಸಂಬಂಧಪಟ್ಟದ್ದು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಆ ದಿನದ ಬಗ್ಗೆ, 1831ರಲ್ಲಿ ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದ್ದರ ಬಗ್ಗೆ ನಮ್ಮಲ್ಲಿ ಎಷ್ಟು ಬರಹ ಇದೆ! ಎಷ್ಟು ಕಡೆ ಒಬ್ಬರು ಬರೆದದ್ದನ್ನೇ ಇನ್ನೊಬ್ಬರು ಎತ್ತಿಕೊಂಡಿದ್ದಾರೆ! ಮೂಲ ಪತ್ರ ನೋಡಿ ಹೌದೋ ಅಲ್ಲವೋ ಅಂತ ಪರೀಕ್ಷಿಸಲು ಓದುಗನಿಗೆ ದಾರಿ ಇರಲಿಲ್ಲ. ಕೈನಕಲು ಅಂದರೆ ನಕಲು ಮಾಡಿದವರ ಕಣ್ಣನ್ನೇ ನಂಬಬೇಕು. ಫೋಟೊ ಇದ್ದರೆ ವಿದ್ಯಾರ್ಥಿಯ ಓದನ್ನು ನೀವೇ ಮನೆಯಲ್ಲಿ ಕುಳಿತು ತಿದ್ದಬಹುದು. ನಿಮ್ಮಂಥವರು ತಿದ್ದಬೇಕು ಕೂಡ.

ಓದದೆ ಫೋಟೊ ಕೂಡಿಹಾಕುವ ಹುಡುಗರು ಇದ್ದಾರೆ, ಅಲ್ಲಗಳೆಯುವುದಿಲ್ಲ. ಅದು ಕಲಿಸುವವರ ಕೆಲಸ. ನನ್ನ ವಿದ್ಯಾರ್ಥಿಗಳಿಗೆ ಮೊದಲು ಕಡತ ಪೂರ್ತಿ ತಿರುವಿ ಹಾಕಿ, ಬೇಕಾದ ಪುಟಕ್ಕೆ ಮಾತ್ರ ಫೋಟೊ ತೆಗೆಯಿರಿ, ಅದೇ ರಾತ್ರಿ ಒಂದೊಂದಕ್ಕೂ ಎರಡು ಸಾಲು ಬರೆಯಿರಿ ಅನ್ನುತ್ತಿದ್ದೆ. ಬರೆಯದೆ ಮಲಗಿದರೆ ಮರುದಿನ ನಾನೇ ಕೇಳುತ್ತಿದ್ದೆ.

ಪ್ರಶ್ನೆ: ಫೋಟೊ ತೆಗೆದರೂ ಆಮೇಲೆ ಓದಲು ಬರುವುದಿಲ್ಲ. ಹೊಳಪು ಬೀಳುತ್ತದೆ, ಯಾವ ಪುಟ ಯಾವುದು ಅಂತ ಗೊತ್ತಾಗುವುದಿಲ್ಲ. ಸರಿಯಾಗಿ ತೆಗೆಯುವುದು ಹೇಗೆ?
— ಎಂ.ಎ. ವಿದ್ಯಾರ್ಥಿ, ಬೆಳಗಾವಿ

ಉತ್ತರ: ಪ್ರತಿ ಕಡತದ ಮೊದಲ ಫೋಟೊ ಅದರ ಬೆನ್ನಿನ ಚೀಟಿಯದ್ದಾಗಿರಲಿ. ಇಲಾಖೆ, ವರ್ಷ, ಸಂಪುಟ ಅದರಲ್ಲೇ ಬಂದುಬಿಡುತ್ತದೆ. ಇದೊಂದು ಮಾಡಿದರೆ ಅರ್ಧ ಗೊಂದಲ ಹೋಯಿತು. ಒಂದು ಚೀಟಿಯಲ್ಲಿ ಕಡತದ ನಂಬರು ಪೆನ್ಸಿಲಿನಲ್ಲಿ ಬರೆದು ಪುಟದ ಪಕ್ಕ ಇಟ್ಟೇ ತೆಗೆದರೆ ಇನ್ನೂ ಒಳ್ಳೆಯದು. ಪುಟದ ನಾಲ್ಕೂ ಮೂಲೆ ಚಿತ್ರದಲ್ಲಿ ಬರಬೇಕು. ಅಂಚಿನ ಟಿಪ್ಪಣಿ ಕತ್ತರಿಸಬೇಡಿ. ಹಿಂಬದಿ ಖಾಲಿ ಇದ್ದರೂ ಒಂದು ತೆಗೆಯಿರಿ, ಕೆಲವು ಸಲ ಷರಾ ಅಲ್ಲೇ ಇರುತ್ತದೆ.

ಹೊಳಪು ಬೀಳುವುದು ಜಾಸ್ತಿ ದುರಸ್ತಿ ಮಾಡಿದ ಹಾಳೆಗಳ ಮೇಲೆ. ತೆಳು ಕಾಗದವನ್ನೋ ಪ್ಲಾಸ್ಟಿಕ್ ಪದರವನ್ನೋ ಅಂಟಿಸಿರುತ್ತಾರೆ. ತಲೆಯ ಮೇಲಿನ ಟ್ಯೂಬ್‌ಲೈಟ್ ನೇರ ಬೀಳದ ಕಡೆ, ಕಿಟಕಿಯ ಬೆಳಕು ಪಕ್ಕದಿಂದ ಬರುವ ಹಾಗೆ ಕುಳಿತುಕೊಳ್ಳಿ. ಫ್ಲ್ಯಾಶ್ ಬೇಡ. ಚಿತ್ರವೂ ಕೆಡುತ್ತದೆ, ಪಕ್ಕದಲ್ಲಿ ಓದುವವರಿಗೂ ಕಿರಿಕಿರಿ. ಕ್ಯಾಮೆರಾದ ಸದ್ದು ಬಂದ್ ಮಾಡಿ. ದಪ್ಪ ಪುಸ್ತಕವನ್ನು ಪೂರ್ತಿ ಬಿಚ್ಚಿ ಒತ್ತಬೇಡಿ, ದಿಂಬು ಇದ್ದರೆ ಕೇಳಿ ಇಡಿ, ಎಷ್ಟು ತೆರೆಯುತ್ತದೋ ಅಷ್ಟರಲ್ಲೇ ತೆಗೆಯಿರಿ. ತಾಡೋಲೆಯಾದರೆ ಬೆಳಕು ಒಂದು ಬದಿಯಿಂದ ಓರೆಯಾಗಿ ಬೀಳಲಿ. ಕಂಠದಿಂದ (ಓಲೆಗೆ ಬರೆಯುವ ಚೂಪು ಮೊನೆಯ ಕಡ್ಡಿಯಿಂದ) ಕೊರೆದ ಅಕ್ಷರದ ಗೆರೆಯೊಳಗೆ ನೆರಳು ಕೂತು, ಮಸಿ ಹೋಗಿದ್ದರೂ ಓದಲು ಬರುತ್ತದೆ. ಅಕ್ಷರ ಕಾಣಲಿ ಅಂತ ನೀವಾಗಿಯೇ ಮಸಿ, ಎಣ್ಣೆ, ಪುಡಿ ಏನನ್ನೂ ಸವರಬೇಡಿ. ಅದು ಬಲ್ಲವರ ಕೆಲಸ.

ಮನೆಗೆ ಬಂದ ಮೇಲೆ ಕಡತಕ್ಕೊಂದು ಫೋಲ್ಡರ್ ಮಾಡಿ. ಕಂಪ್ಯೂಟರ್ ಇದ್ದರೆ ‘ಟ್ರಾಪಿ’ ಎಂಬ ತಂತ್ರಾಂಶ ಬಿಟ್ಟಿ ಸಿಗುತ್ತದೆ. ಸಂಶೋಧಕರು ತೆಗೆದ ಇಂಥ ಫೋಟೊಗಳನ್ನು ಒಪ್ಪ ಮಾಡಿಡಲೆಂದೇ ಮಾಡಿದ್ದು ಅದು.

ಪ್ರಶ್ನೆ: ತೆಗೆದ ಫೋಟೊಗಳನ್ನು ವಾಟ್ಸ್‌ಆ್ಯಪ್ ಗುಂಪಿಗೆ, ಫೇಸ್‌ಬುಕ್ಕಿಗೆ ಹಾಕಬಹುದಾ?
— ಇತಿಹಾಸಾಸಕ್ತ, ಇಳಕಲ್

ಉತ್ತರ: ಅನುಮತಿ ಯಾವುದಕ್ಕೆ ಸಿಕ್ಕಿದೆಯೋ ಅದಕ್ಕಷ್ಟೇ. ಸ್ವಂತ ಅಧ್ಯಯನ, ಸಂಶೋಧನೆಗೆ ಪ್ರತಿ ಮಾಡಿಕೊಳ್ಳಲು 1957ರ ಕೃತಿಸ್ವಾಮ್ಯ ಕಾಯ್ದೆಯೇ ಅವಕಾಶ ಕೊಡುತ್ತದೆ. ಗ್ರಂಥಾಲಯದಲ್ಲಿರುವ ಅಚ್ಚಾಗದ ಬರಹವಾದರೆ, ಬರೆದವರು ಯಾರೆಂದು ಗೊತ್ತಿದ್ದಲ್ಲಿ ಅವರು ತೀರಿ 60 ವರ್ಷ ದಾಟಿರಬೇಕು. ಎಲ್ಲರಿಗೂ ಹಂಚುವುದು ಬೇರೆ ಮಾತು, ಅದಕ್ಕೆ ಇಟ್ಟುಕೊಂಡವರನ್ನು ಕೇಳಿ. ಹಂಚಿದರೂ ಕಡತದ ನಂಬರು ಜೊತೆಗೆ ಹೋಗಲಿ. ‘ಅಪರೂಪದ ದಾಖಲೆ’ ಅಂತಷ್ಟೇ ಬರೆದು ತೇಲಿಬಿಟ್ಟ ಚಿತ್ರದಿಂದ ಯಾರಿಗೂ ಉಪಯೋಗವಿಲ್ಲ. ಜಾತಿ, ಅಪರಾಧ, ಸಾಲದ ವಿವರ ಇರುವ ಕಾಗದದಲ್ಲಿ ಹೆಸರು ಬಂದವರ ಮೊಮ್ಮಕ್ಕಳು ಇನ್ನೂ ಅದೇ ಊರಲ್ಲಿರುತ್ತಾರೆ. ಅದನ್ನು ಮರೆಯಬೇಡಿ.

ಪ್ರಶ್ನೆ: ಅಕ್ಕಾವ್ರೇ, 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಹೊಳೆ ಬಂದಾಗ ನಮ್ಮ ಮನೆಯ ಹಳೆ ಕಾಗದದ ಪೆಟ್ಟಿಗೆ ನೆನೆಯಿತು. ಅರ್ಧ ಹಾಳಾಯಿತು. ಉಳಿದದ್ದನ್ನು ಲ್ಯಾಮಿನೇಷನ್ ಮಾಡಿಸಲಾ?
— ಗೃಹಿಣಿ, ಮುಧೋಳ ತಾಲ್ಲೂಕು

ಉತ್ತರ: ಲ್ಯಾಮಿನೇಷನ್ ಬೇಡಮ್ಮ. ಬಿಸಿ, ಅಂಟು ಎರಡೂ ಸೇರಿ ಕಾಗದವನ್ನು ಕೆಡಿಸುತ್ತವೆ, ಮತ್ತೆ ಬಿಡಿಸಲು ಆಗುವುದಿಲ್ಲ. ಮೊದಲು ಒಂದೊಂದು ಹಾಳೆಯ ಎರಡೂ ಬದಿ ಫೋಟೊ ತೆಗೆಯಿರಿ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಮೇಲೆ ಹೇಳಿದ ಹಾಗೆ ಅವರ ಕೈಲಿ ತೆಗೆಸಿ. ಒಂದಕ್ಕೊಂದು ಅಂಟಿಕೊಂಡ ಹಾಳೆಗಳನ್ನು ಎಳೆದು ಬಿಡಿಸಬೇಡಿ, ಹಾಗೇ ಬೇರೆ ಇಡಿ. ಮುಂದೆ ಎಂದಾದರೂ ಕಾಗದ ನೆನೆದರೆ ಎರಡು ದಿನದೊಳಗೆ ಬೂಷ್ಟು ಹಿಡಿಯಲು ಶುರುವಾಗುತ್ತದೆ. ಬಿಸಿಲಿಗೆ ಹಾಕಬೇಡಿ, ಇಸ್ತ್ರಿ ಮಾಡಬೇಡಿ. ನೆರಳಲ್ಲಿ ಹರಡಿ, ನಡುವೆ ಅಚ್ಚಿಲ್ಲದ ಬಿಳಿ ಕಾಗದ ಇಟ್ಟು ಬದಲಿಸುತ್ತ, ಫ್ಯಾನಿನ ಗಾಳಿಗೆ ಒಣಗಿಸಿ. ಪೆಟ್ಟಿಗೆಯನ್ನು ನೆಲದ ಮೇಲೆ ಇಡಬೇಡಿ, ಎತ್ತರದ ಹಲಗೆಯ ಮೇಲಿಡಿ. ಫೋಟೊಗಳ ಒಂದು ಪ್ರತಿ ಮೊಬೈಲಿನಲ್ಲಿ, ಇನ್ನೊಂದು ಪೆನ್‌ಡ್ರೈವಿನಲ್ಲಿ ಹಾಕಿ ಹೊಳೆದಂಡೆಯಿಂದ ದೂರ ಇರುವ ಬಂಧುಗಳ ಮನೆಯಲ್ಲಿ ಇಡಿ. ಈ ಮಳೆಗಾಲಕ್ಕೆ ಮುಂಚೆ ಮುಗಿಸಿ.